ಸಂತ ನಿಕೋಲಾಸರ ಹಬ್ಬದ ಮಸಾಲೆ ಬಿಸ್ಕತ್ತು

ನೆದರ್‌ಲ್ಯಾಂಡ್ಸ್‌ನಲ್ಲಿ ಡಿಸೆಂಬರ್ 5ರ ಸಂಜೆ ಮನೆಮನೆಯಲ್ಲೂ ಕಾಣುವ ಕಂದು ಬಣ್ಣದ ಬೆಣ್ಣೆ ಬಿಸ್ಕತ್ತಿಗೆ ಸ್ಪೆಕ್ಯುಲಾಸ್ ಎಂದು ಹೆಸರು. ಮೈದಾ, ಬೆಣ್ಣೆ, ಕಂದು ಸಕ್ಕರೆ, ಚಿಟಿಕೆ ಉಪ್ಪು. ಜೊತೆಗೆ ಚಕ್ಕೆ, ಲವಂಗ, ಜಾಯಿಕಾಯಿ, ಒಣಶುಂಠಿ, ಏಲಕ್ಕಿ, ಬಿಳಿ ಮೆಣಸು ಸೇರಿದ ಪುಡಿ. ಬಿಸ್ಕತ್ತಿನ ಹಿಂಬದಿ ಮಟ್ಟಸವಾಗಿರುತ್ತದೆ. ಎಷ್ಟೋ ಸಲ ಅದಕ್ಕೆ ಬಾದಾಮಿಯ ತೆಳು ಹಲ್ಲೆಗಳು ಅಂಟಿಕೊಂಡಿರುತ್ತವೆ. ಮುಂಬದಿಯಲ್ಲಿ ಗಾಳಿಗಿರಣಿ, ಹಡಗು, ಕುದುರೆ ಸವಾರ, ಇಲ್ಲವೇ ಎತ್ತರದ ಟೋಪಿ ತೊಟ್ಟ ಬಿಷಪ್ಪರ ಉಬ್ಬುಚಿತ್ರ. ನೆರೆಯ ಬೆಲ್ಜಿಯಂನಲ್ಲಿ ಇದರ ಬಳಗದ ಬಿಸ್ಕತ್ತನ್ನು ಸ್ಪೆಕ್ಯುಲೋಸ್ ಎನ್ನುತ್ತಾರೆ. ಜರ್ಮನಿಯ ರೈನ್ ನದಿ ಸೀಮೆಯಲ್ಲಿ ಸ್ಪೆಕುಲಾಟ್ಸಿಯುಸ್ ಎನ್ನುತ್ತಾರೆ. ಹಬ್ಬದ ತಿನಿಸುಗಳಲ್ಲಿ ಇಷ್ಟು ಕಡಿಮೆ ಸಾಮಾನಿನಿಂದ ಇಷ್ಟು ಗಾಢವಾದ ರುಚಿ ಕೊಡುವಂಥವು ಅಪರೂಪ. ಇದನ್ನು ಮಾಡುವ ಕ್ರಮವೆಲ್ಲ ಎರಡು ಅಗತ್ಯಗಳ ಸುತ್ತ ರೂಪುಗೊಂಡಿದೆ: ಅಚ್ಚಿನ ಚಿತ್ರ ಓವನ್‌ನಲ್ಲಿ ಅಳಿಯಬಾರದು, ಮಸಾಲೆಯ ಪರಿಮಳ ಬೆಂದ ಮೇಲೂ ನಿಲ್ಲಬೇಕು.

ಹಬ್ಬ ಸಂತ ನಿಕೋಲಾಸರದು. 4ನೇ ಶತಮಾನದಲ್ಲಿ, ಇಂದಿನ ಟರ್ಕಿಯ ದಕ್ಷಿಣ ಕರಾವಳಿಯಲ್ಲಿದ್ದ ಮೈರಾ ಪಟ್ಟಣದ ಬಿಷಪ್ ಆಗಿದ್ದವರು ಅವರು. ಬಡವರ ಮನೆಗೆ ಗುಟ್ಟಾಗಿ ಹಣ ಎಸೆದು ಹೋಗುತ್ತಿದ್ದರೆಂಬ ಐತಿಹ್ಯ ಅವರದು. ನಾವಿಕರಿಗೂ ಮಕ್ಕಳಿಗೂ ಅವರು ರಕ್ಷಕ ಸಂತರು. ಬಂದರು ನಗರವಾದ ಆಮ್‌ಸ್ಟರ್‌ಡ್ಯಾಮ್‌ಗೂ ಅವರೇ ಪಾಲಕರು. ಅವರ ದಿನ ಡಿಸೆಂಬರ್ 6. ಡಚ್ಚರು ಹಿಂದಿನ ಸಂಜೆಯೇ ಉಡುಗೊರೆ ಹಂಚಿಕೊಂಡರೆ ಬೆಲ್ಜಿಯಂನ ಮಕ್ಕಳಿಗೆ 6ರ ಬೆಳಗ್ಗೆ ಉಡುಗೊರೆ ಸಿಗುತ್ತದೆ. ಮಕ್ಕಳು ಅಗ್ಗಿಷ್ಟಿಕೆಯ ಬಳಿ ತಮ್ಮ ಬೂಟು ಇಟ್ಟು, ಸಂತರ ಬಿಳಿ ಕುದುರೆಗೆಂದು ಅದರಲ್ಲಿ ಒಂದು ಕ್ಯಾರೆಟ್ಟೋ ಹಿಡಿ ಹುಲ್ಲೋ ಹಾಕಿ ಮಲಗುತ್ತಾರೆ. ಬೆಳಗಾದಾಗ ಬೂಟಿನಲ್ಲಿ ಬಿಸ್ಕತ್ತು, ಚಾಕಲೇಟು ಇರುತ್ತವೆ. ಸಂತರು ಉಗಿಹಡಗಿನಲ್ಲಿ ಬಂದಿಳಿಯುವ ಕಲ್ಪನೆ ಮಾತ್ರ ಅಷ್ಟೇನೂ ಹಳೆಯದಲ್ಲ. ಆಮ್‌ಸ್ಟರ್‌ಡ್ಯಾಮ್‌ನ ಶಾಲಾ ಶಿಕ್ಷಕ ಯಾನ್ ಸ್ಕೆಂಕ್‌ಮನ್ 1850ರಲ್ಲಿ ಹೊರತಂದ ಮಕ್ಕಳ ಚಿತ್ರಪುಸ್ತಕದಿಂದ ಅದು ಜನಪ್ರಿಯವಾಯಿತು.

ಡಚ್ಚರ ನಾಡು ಪ್ರಾಟೆಸ್ಟೆಂಟ್ ಆಡಳಿತಕ್ಕೆ ಬಂದ ಮೇಲೆ ಈ ಹಬ್ಬಕ್ಕೆ ಕಷ್ಟದ ಕಾಲ ಬಂದಿತ್ತು. ಸಂತರ ಪೂಜೆ ಸಲ್ಲದು ಎಂಬುದು ಹೊಸ ಚರ್ಚಿನ ನಿಲುವು. 17ನೇ ಶತಮಾನದಲ್ಲಿ ಕೆಲವು ನಗರಗಳ ಆಡಳಿತ, ಸಂತರ ಆಕಾರದ ತಿನಿಸುಗಳನ್ನು ಸಂತೆಯಲ್ಲಿ ಮಾರುವುದನ್ನೇ ನಿಷೇಧಿಸಿತು. ಜನ ಬಿಡಲಿಲ್ಲ. 1660ರ ದಶಕದಲ್ಲಿ ಯಾನ್ ಸ್ಟೇನ್ ಬರೆದ ‘ಸಂತ ನಿಕೋಲಾಸರ ಹಬ್ಬ’ ಎಂಬ ವರ್ಣಚಿತ್ರ ಇಂದು ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್‌ಮ್ಯೂಸಿಯಂನಲ್ಲಿದೆ. ಉಡುಗೊರೆ ಸಿಕ್ಕ ಹುಡುಗಿಯ ನಗು, ಸಿಗದ ಹುಡುಗನ ಅಳು, ಮುಂಭಾಗದಲ್ಲಿ ತಿಂಡಿ ತುಂಬಿದ ಬುಟ್ಟಿ ಎಲ್ಲವೂ ಅದರಲ್ಲಿವೆ. ನಿಷೇಧದ ನಡುವೆಯೂ ಮನೆಯೊಳಗಿನ ಹಬ್ಬ ಎಷ್ಟು ಜೀವಂತವಾಗಿತ್ತೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಬಿಸ್ಕತ್ತಿನ ಮೇಲೆ ಚಿತ್ರ ಮೂಡಿಸುವುದು ಮರದ ಅಚ್ಚು. ಕರ್ನಾಟಕದ ಮನೆಗಳಲ್ಲಿ ಸಂಕ್ರಾಂತಿಗೆ ಸಕ್ಕರೆ ಅಚ್ಚು ಎರೆಯುವ ಮರದ ಅಚ್ಚುಗಳನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ವ್ಯತ್ಯಾಸ ಇಷ್ಟೇ: ಸಕ್ಕರೆ ಅಚ್ಚಿಗೆ ಎರಡು ಹೋಳು ಜೋಡಿಸಿ ಬಿಸಿ ಪಾಕ ಹೊಯ್ಯುತ್ತಾರೆ, ಗೊಂಬೆ ಎಲ್ಲ ಕಡೆಯಿಂದಲೂ ಗೊಂಬೆಯಾಗುತ್ತದೆ, ಸ್ಪೆಕ್ಯುಲಾಸಿನದು ಒಂದೇ ಹಲಗೆ, ಅದರೊಳಗೆ ತಣ್ಣನೆಯ ಹಿಟ್ಟನ್ನು ಒತ್ತುತ್ತಾರೆ, ಚಿತ್ರ ಒಂದು ಮುಖದಲ್ಲಿ ಮಾತ್ರ ಬರುತ್ತದೆ. ಪೇರ್, ಬೀಚ್, ವಾಲ್‌ನಟ್‌ನಂಥ ಒತ್ತಾದ ನಾರಿನ ಮರವನ್ನೇ ಇದಕ್ಕೆ ಆರಿಸುತ್ತಿದ್ದರು. ಚಿತ್ರವನ್ನು ತಿರುವುಮುರುವಾಗಿ ಕೆತ್ತಬೇಕು. ಉಬ್ಬು ಬರಬೇಕಾದಲ್ಲಿ ತಗ್ಗು, ಎಡಕ್ಕೆ ಬರಬೇಕಾದ್ದು ಬಲಕ್ಕೆ. ಹಳೆಯ ಹಲಗೆಗಳಲ್ಲಿ ಆ ಕಾಲದ ಉಡುಗೆ, ಹಡಗಿನ ಹಾಯಿ, ಸಾರೋಟು, ನೂಲುವ ಹೆಂಗಸು, ಮೀನು, ಕೋಳಿ ಎಲ್ಲ ಕಾಣಸಿಗುತ್ತವೆ. ಒಂದು ಮೊಳ ಮೀರಿದ ಹೆಣ್ಣು-ಗಂಡಿನ ಆಕೃತಿಗಳೂ ಇದ್ದವು. ತರುಣನೊಬ್ಬ ತಾನು ಮೆಚ್ಚಿದ ಹುಡುಗಿಗೆ ಅಂಥ ಗೊಂಬೆಯನ್ನು ಕೊಟ್ಟು ಮನಸ್ಸು ತಿಳಿಸುವ ರೂಢಿಯಿತ್ತು. ಹಾಟೆಮ್ ಎಂಬ ಊರಿನಲ್ಲಿ ಬೇಕರಿ ಕಸುಬಿಗೆಂದೇ ಒಂದು ವಸ್ತುಸಂಗ್ರಹಾಲಯವಿದೆ. ಕಾರ್ಖಾನೆಗಳಲ್ಲಿ ಈಗ ಹಲಗೆಯ ಜಾಗದಲ್ಲಿ ಕೆತ್ತಿದ ಲೋಹದ ರೋಲರು ತಿರುಗುತ್ತದೆ. ತತ್ವ ಮಾತ್ರ ಅದೇ.

ಇನ್ನು ಮಸಾಲೆ. ಇದರ ಕಥೆ ದೊಡ್ಡದು, ಅದರಲ್ಲಿ ನೋವೂ ಇದೆ. ಯುರೋಪಿನಲ್ಲಿ ಮಸಾಲೆ ಬೆರೆಸಿದ ಜೇನಿನ ಗಟ್ಟಿ ರೊಟ್ಟಿಗಳು ಮಧ್ಯಯುಗದಿಂದಲೂ ಇದ್ದವು. ಬೆಲ್ಜಿಯಂನ ದಿನಾಂ ಪಟ್ಟಣದಲ್ಲಿ ಹಿಟ್ಟು ಮತ್ತು ಜೇನು ಮಾತ್ರ ಸೇರಿಸಿ, ಮರದ ಅಚ್ಚಿನಲ್ಲಿ ಒತ್ತಿ ಸುಡುವ ಕಲ್ಲಿನಂಥ ಬಿಸ್ಕತ್ತು ಇವತ್ತಿಗೂ ಸಿಗುತ್ತದೆ. ಆದರೆ ಆರೇಳು ಬಗೆಯ ಪೂರ್ವದೇಶದ ಮಸಾಲೆ ಒಂದೇ ಬಿಸ್ಕತ್ತಿಗೆ ಬೀಳುವಷ್ಟು ಸರಬರಾಜು ಡಚ್ಚರಿಗೆ ದಕ್ಕಿದ್ದು 1602ರಲ್ಲಿ ಸ್ಥಾಪನೆಯಾದ ಡಚ್ ಈಸ್ಟ್ ಇಂಡಿಯಾ ಕಂಪನಿಯ ಮೂಲಕ. ಜಾಯಿಕಾಯಿ, ಜಾಪತ್ರೆ ಆಗ ಬೆಳೆಯುತ್ತಿದ್ದದ್ದು ಇಂದಿನ ಇಂಡೋನೇಷ್ಯಾದ ಬಾಂಡಾ ಎಂಬ ಪುಟ್ಟ ದ್ವೀಪಗಳಲ್ಲಿ ಮಾತ್ರ. 1621ರಲ್ಲಿ ಯಾನ್ ಪೀಟರ್‌ಸೋನ್ ಕೂನ್ ನೇತೃತ್ವದ ಕಂಪನಿ ಸೈನ್ಯ ಆ ದ್ವೀಪಗಳನ್ನು ಗೆದ್ದುಕೊಂಡಿತು. ಸುಮಾರು 15,000 ಇದ್ದಿರಬಹುದಾದ ಅಲ್ಲಿನ ಜನರಲ್ಲಿ ಹೆಚ್ಚಿನವರು ಕೊಲೆಯಾದರು, ಹಸಿವಿನಿಂದ ಸತ್ತರು, ಓಡಿಹೋದರು ಇಲ್ಲವೇ ಗುಲಾಮರಾದರು. ತೋಟಗಳಿಗೆ ಹೊರಗಿನಿಂದ ಗುಲಾಮರನ್ನು ತಂದು ದುಡಿಸಿದರು. ಲವಂಗದ ಬೆಳೆಯನ್ನು ಅಂಬೋನ್ ಮತ್ತು ಅದರ ಸುತ್ತಿನ ದ್ವೀಪಗಳಿಗೆ ಸೀಮಿತಗೊಳಿಸಿ, ಉಳಿದೆಡೆಯ ಮರಗಳನ್ನು ಕಡಿಸಿದರು. 1656ರಲ್ಲಿ ಪೋರ್ಚುಗೀಸರಿಂದ ಕೊಲಂಬೊ ಕೈವಶವಾದಾಗ ಸಿಲೋನಿನ ದಾಲ್ಚಿನ್ನಿ, 1663ರಲ್ಲಿ ಕೊಚ್ಚಿ ಸಿಕ್ಕಾಗ ಮಲಬಾರಿನ ಮೆಣಸು ಹಾಗೂ ಏಲಕ್ಕಿ ಕಂಪನಿಯ ಹಿಡಿತಕ್ಕೆ ಹತ್ತಿರವಾದವು. ದರ ಕುಸಿಯುವ ಭಯದಿಂದ ಉಗ್ರಾಣದ ಮಸಾಲೆಯನ್ನು ರಾಶಿ ಹಾಕಿ ಸುಟ್ಟದ್ದೂ ಉಂಟು. ಹಬ್ಬದ ಬಿಸ್ಕತ್ತಿನ ಹಿತವಾದ ಘಮದ ಹಿಂದೆ ಈ ಚರಿತ್ರೆಯೂ ಇದೆ. ಅದನ್ನು ಬಿಟ್ಟು ಸ್ಪೆಕ್ಯುಲಾಸಿನ ಕಥೆ ಹೇಳಿದರೆ ಅರ್ಧವೇ ಹೇಳಿದಂತೆ.

ಕನ್ನಡ ಕರಾವಳಿಗೂ ಈ ವ್ಯಾಪಾರದ ಸಂಬಂಧವಿತ್ತು. ಘಟ್ಟದ ಮೆಣಸು ಹೊನ್ನಾವರ, ಬಸರೂರು, ಮಂಗಳೂರಿನ ಬಂದರುಗಳಿಂದ ಹಡಗೇರುತ್ತಿತ್ತು. ಡಚ್ಚರಿಗಿಂತ ಮೊದಲೇ ಪೋರ್ಚುಗೀಸರು ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಮೆಣಸಿನ ರಾಣಿ ಎಂದು ಕರೆದಿದ್ದರು. 17ನೇ ಶತಮಾನದಲ್ಲಿ ಕೆಳದಿ ಅರಸರ ಸೀಮೆಯ ಬಸರೂರಿನಲ್ಲಿ ಡಚ್ಚರ ಕೋಠಿಯೂ ಇತ್ತು. ಅಕ್ಕಿ ಮತ್ತು ಮೆಣಸು ಅವರು ಅಲ್ಲಿ ಕೊಳ್ಳುತ್ತಿದ್ದ ಮುಖ್ಯ ಸರಕು. ಇಂದು ಸ್ಪೆಕ್ಯುಲಾಸಿಗೆ ಬೇಕಾದ ಮೆಣಸು, ಏಲಕ್ಕಿ ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲೂ, ಜಾಯಿಕಾಯಿ ದಕ್ಷಿಣ ಕನ್ನಡ, ಉತ್ತರ ಕನ್ನಡದ ಅಡಿಕೆ ತೋಟಗಳ ನಡುವೆಯೂ ಬೆಳೆಯುತ್ತವೆ.

ಮಸಾಲೆಯ ಹದ ಮನೆಯಿಂದ ಮನೆಗೆ, ಬೇಕರಿಯಿಂದ ಬೇಕರಿಗೆ ಬೇರೆ. ಆದರೂ ಚಕ್ಕೆಯೇ ಮುಂದಾಳು ಎಂಬುದರಲ್ಲಿ ಭಿನ್ನಮತವಿಲ್ಲ. ಎಂಟು ಪಾಲು ಚಕ್ಕೆ ಪುಡಿಗೆ ಎರಡು ಪಾಲು ಜಾಯಿಕಾಯಿ, ಎರಡು ಪಾಲು ಲವಂಗ, ಒಂದೊಂದು ಪಾಲು ಒಣಶುಂಠಿ, ಏಲಕ್ಕಿ, ಬಿಳಿ ಮೆಣಸು ಎಂಬುದು ನಂಬಬಹುದಾದ ಅಳತೆ. ಕೆಲವರು ಜಾಪತ್ರೆ, ಕೊತ್ತಂಬರಿ ಬೀಜ, ಸೋಂಪನ್ನೂ ಸೇರಿಸುತ್ತಾರೆ. ಲವಂಗ ಹೆಚ್ಚಾಗಬಾರದು, ಅದರಲ್ಲಿರುವ ಯೂಜಿನಾಲ್ ಎಂಬ ತೈಲಾಂಶ ನಾಲಿಗೆಯನ್ನು ಜುಮ್ಮೆನಿಸಿ ಉಳಿದ ರುಚಿಗಳನ್ನು ಮುಚ್ಚಿಬಿಡುತ್ತದೆ. ಜಾಯಿಕಾಯಿಯನ್ನು ಆಗಲೇ ತುರಿದುಕೊಳ್ಳುವುದು ಒಳ್ಳೆಯದು, ಪುಡಿ ಮಾಡಿಟ್ಟರೆ ಘಮ ಬೇಗ ಹಾರಿಹೋಗುತ್ತದೆ. ಕರಿಮೆಣಸಿನ ಬದಲು ಬಿಳಿ ಮೆಣಸು ಬಳಸಲು ಕಾರಣವಿದೆ. ಹಣ್ಣಾದ ಮೆಣಸನ್ನು ನೀರಿನಲ್ಲಿ ನೆನೆಸಿ ಸಿಪ್ಪೆ ಕಳಚಿದಾಗ ಸಿಗುವುದು ಬಿಳಿ ಮೆಣಸು. ಸಿಪ್ಪೆಯ ಜೊತೆಗೆ ಪರಿಮಳದ ತೈಲ ಬಹುಪಾಲು ಹೋಗುತ್ತದೆ, ಖಾರ ಉಳಿಯುತ್ತದೆ. ಹಾಗಾಗಿ ಅದು ಬೇರೆ ಮಸಾಲೆಗಳ ಪರಿಮಳಕ್ಕೆ ಅಡ್ಡಬರದೆ, ಕೊನೆಯಲ್ಲಿ ಗಂಟಲಿನ ಬಳಿ ಸಣ್ಣ ಬಿಸುಪನ್ನು ಮಾತ್ರ ಉಳಿಸುತ್ತದೆ.

ಚಕ್ಕೆಯ ವಿಷಯದಲ್ಲಿ ಒಂದು ಎಚ್ಚರ ಅಗತ್ಯ. ಸಿಲೋನಿನ ನಿಜವಾದ ದಾಲ್ಚಿನ್ನಿ ಕಾಗದದಷ್ಟು ತೆಳುವಾದ ಪದರಗಳ ಸುರುಳಿ, ಕೈಯಲ್ಲಿ ಹಿಸುಕಿದರೆ ಮುರಿಯುತ್ತದೆ. ನಮ್ಮ ದಿನಸಿ ಅಂಗಡಿಗಳಲ್ಲಿ ಚಕ್ಕೆ ಎಂದು ಸಿಗುವುದು ಹೆಚ್ಚಾಗಿ ಕ್ಯಾಸಿಯಾ ಎಂಬ ಸೋದರ ಜಾತಿಯ ದಪ್ಪ ತೊಗಟೆ. ಕ್ಯಾಸಿಯಾದಲ್ಲಿ ಕೂಮರಿನ್ ಎಂಬ ರಾಸಾಯನಿಕ ಹೆಚ್ಚು. ಬಹಳ ದಿನ ಅತಿಯಾಗಿ ತಿಂದರೆ ಕೆಲವರ ಯಕೃತ್ತಿಗೆ ಅದರಿಂದ ತೊಂದರೆ. ಹಬ್ಬದ ಬಿಸ್ಕತ್ತುಗಳಿಗೆ ಹೆಸರಾದ ಜರ್ಮನಿಯಲ್ಲಿ 2006ರ ಹೊತ್ತಿಗೆ ಇದು ದೊಡ್ಡ ಚರ್ಚೆಯಾಯಿತು. ಐರೋಪ್ಯ ಒಕ್ಕೂಟ ಈಗ ಸಾಮಾನ್ಯ ಬಿಸ್ಕತ್ತು, ಕೇಕುಗಳಿಗೆ ಕಿಲೋಗೆ 15 ಮಿಲಿಗ್ರಾಂ ಮಿತಿ ಹಾಕಿದೆ. ಹಬ್ಬದ ಕಾಲದ ಸಾಂಪ್ರದಾಯಿಕ ದಾಲ್ಚಿನ್ನಿ ತಿನಿಸುಗಳಿಗೆ ಮಾತ್ರ ಕಿಲೋಗೆ 50 ಮಿಲಿಗ್ರಾಂ. ವರ್ಷಕ್ಕೊಮ್ಮೆ ನಾಲ್ಕು ಬಿಸ್ಕತ್ತು ತಿನ್ನುವವರು ಹೆದರಬೇಕಿಲ್ಲ. ಪುಟ್ಟ ಮಕ್ಕಳಿಗೆ ದಿನವೂ ಕೊಡುವುದಾದರೆ ಸಿಲೋನ್ ದಾಲ್ಚಿನ್ನಿಯನ್ನೇ ಹುಡುಕಿ ತರುವುದು ಲೇಸು.

ಬೆಣ್ಣೆಯಲ್ಲಿ ನೂರಕ್ಕೆ 80ರಷ್ಟು ಜಿಡ್ಡು, 16ರಷ್ಟು ನೀರು. ಆ ಜಿಡ್ಡು ಹಿಟ್ಟಿನ ಕಣಗಳನ್ನು ಸವರಿಕೊಂಡು, ನೀರು ತಾಗಿ ಅಂಟುನಾರು ಬೆಳೆಯುವುದನ್ನು ತಡೆಯುತ್ತದೆ. ಬಿಸ್ಕತ್ತು ಜಗಿಯುವಂತಾಗದೆ ಪುಡಿಯಾಗುವಂತಾಗುತ್ತದೆ. ಮಸಾಲೆಯ ಪರಿಮಳ ತೈಲಗಳು ಕರಗುವುದೂ ಜಿಡ್ಡಿನಲ್ಲೇ. ಡಚ್ ಅಂಗಡಿಗಳಲ್ಲಿ ಪೊಟ್ಟಣದ ಮೇಲೆ ‘ಬೆಣ್ಣೆಯ ಸ್ಪೆಕ್ಯುಲಾಸ್’ ಎಂದು ಒತ್ತಿ ಬರೆದಿರುವುದಕ್ಕೆ ಕಾರಣ, ಮಾರ್ಗರೀನ್ ಹಾಕಿದ ಅಗ್ಗದ ಬಿಸ್ಕತ್ತೂ ಪಕ್ಕದಲ್ಲೇ ಇರುತ್ತದೆ. ಮಾರ್ಗರೀನನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವ ಉದ್ಯಮ ಮೊದಲು ಬೆಳೆದದ್ದೂ ನೆದರ್‌ಲ್ಯಾಂಡ್ಸ್‌ನ ಓಸ್ ಪಟ್ಟಣದಲ್ಲೇ, 1871ರಿಂದ. ರುಚಿಯಲ್ಲಿ ಎರಡಕ್ಕೂ ಹೋಲಿಕೆಯೇ ಇಲ್ಲ. ಬೆಣ್ಣೆಯ ಸ್ಪೆಕ್ಯುಲಾಸನ್ನು ಒಮ್ಮೆ ತಿಂದವರು ಇನ್ನೊಂದನ್ನು ಹಬ್ಬಕ್ಕೆ ತರಲಾರರು.

ಸಕ್ಕರೆ ಗಾಢ ಕಂದು ಬಣ್ಣದ್ದೇ ಆಗಬೇಕು. ಅದರಲ್ಲಿನ ಕಾಕಂಬಿಯ ಅಂಶ ಬಣ್ಣ ಕೊಡುತ್ತದೆ, ಸಣ್ಣ ಕಹಿಯ ಎಳೆಯೊಂದನ್ನು ಸೇರಿಸುತ್ತದೆ. ಮಸಾಲೆಯ ತೀಕ್ಷ್ಣತೆಗೆ ಈ ಕಹಿಯೇ ಸರಿಯಾದ ಜೊತೆ. ಮೊಟ್ಟೆ ಡಚ್ ಮಾದರಿಯ ಹೆಚ್ಚಿನ ಪಾಕಗಳಲ್ಲಿ ಇರುವುದೇ ಇಲ್ಲ. ಸೋಡಾ ಅಥವಾ ಬೇಕಿಂಗ್ ಪೌಡರ್ ತೀರ ಸ್ವಲ್ಪ. ಉಬ್ಬಿಸುವ ವಸ್ತು ಜಾಸ್ತಿಯಾದರೆ ಗಾಳಿಗಿರಣಿಯ ರೆಕ್ಕೆಗಳು ಊದಿಕೊಂಡು ಒಂದಕ್ಕೊಂದು ಸೇರಿಬಿಡುತ್ತವೆ, ಬಿಷಪ್ಪರ ಮುಖದಲ್ಲಿ ಕಣ್ಣು ಮೂಗು ಉಳಿಯುವುದಿಲ್ಲ. ಬೆಣ್ಣೆ ಮತ್ತು ಸಕ್ಕರೆಯನ್ನು ಕೇಕಿಗೆ ಕಡೆದಂತೆ ನೊರೆ ಬರುವವರೆಗೆ ಕಡೆಯಬಾರದು ಎನ್ನುವುದೂ ಇದೇ ಕಾರಣಕ್ಕೆ. ಒಳಗೆ ಸೇರಿದ ಗಾಳಿ ಓವನ್‌ನಲ್ಲಿ ಹಿಗ್ಗುತ್ತದೆ.

ಮನೆಯ ಅಳತೆ ಹೀಗೆ. ಮೈದಾ 250 ಗ್ರಾಂ, ಬೆಣ್ಣೆ 150 ಗ್ರಾಂ, ಕಂದು ಸಕ್ಕರೆ 125 ಗ್ರಾಂ, ಮಸಾಲೆ ಪುಡಿ ಎರಡೂವರೆ ಟೀಚಮಚ, ಬೇಕಿಂಗ್ ಪೌಡರ್ ಅರ್ಧ ಟೀಚಮಚ, ಉಪ್ಪು ಒಂದು ಚಿಟಿಕೆ, ಹಾಲು ಎರಡು ದೊಡ್ಡ ಚಮಚ. ಒಣ ಪದಾರ್ಥಗಳನ್ನೆಲ್ಲ ಒಟ್ಟಿಗೆ ಜರಡಿ ಹಿಡಿಯಬೇಕು. ಮೆತ್ತಗಾದ, ಆದರೆ ಕರಗದ ಬೆಣ್ಣೆಗೆ ಸಕ್ಕರೆ ಬೆರೆಸಿ, ಹಾಲು ಸೇರಿಸಿ, ಹಿಟ್ಟು ಹಾಕಿ ಬೆರಳ ತುದಿಯಲ್ಲಿ ಒಗ್ಗೂಡಿಸಬೇಕು. ಉಂಡೆ ಕಟ್ಟುವಷ್ಟು ಸೇರಿದರೆ ಸಾಕು. ಚಪಾತಿ ಹಿಟ್ಟಿನಂತೆ ನಾದಿದರೆ ಅಂಟು ಬೆಳೆದು ಬಿಸ್ಕತ್ತು ಗಡುಸಾಗುತ್ತದೆ. ಉಂಡೆಯನ್ನು ಚಪ್ಪಟೆ ಮಾಡಿ, ಗಾಳಿಯಾಡದಂತೆ ಸುತ್ತಿ ಫ್ರಿಜ್ಜಿನಲ್ಲಿ ಒಂದು ರಾತ್ರಿ ಇಡಬೇಕು.

ಈ ಒಂದು ರಾತ್ರಿಯನ್ನು ಉಳಿಸಲು ಹೋಗಿ ಬಿಸ್ಕತ್ತು ಕೆಡಿಸಿಕೊಳ್ಳುವವರು ಬಹಳ. ತಣ್ಣಗಿರುವ ಆ ಹೊತ್ತಿನಲ್ಲಿ ಹಿಟ್ಟು ತೇವವನ್ನು ಸಮನಾಗಿ ಹೀರಿಕೊಳ್ಳುತ್ತದೆ, ಬೆಣ್ಣೆ ಗಟ್ಟಿಯಾಗುತ್ತದೆ, ಮಸಾಲೆಯ ತೈಲಗಳು ಬೆಣ್ಣೆಯೊಳಗೆ ಇಳಿಯುತ್ತವೆ. ಕಲಸಿದ ಕೂಡಲೇ ಸುಟ್ಟ ಬಿಸ್ಕತ್ತಿನಲ್ಲಿ ಚಕ್ಕೆ ಬೇರೆ, ಲವಂಗ ಬೇರೆ ಎಂದು ನಾಲಿಗೆಗೆ ಗೊತ್ತಾಗುತ್ತದೆ. ಮರುದಿನ ಸುಟ್ಟದ್ದರಲ್ಲಿ ಎಲ್ಲ ಬೆರೆತು ಒಂದೇ ರುಚಿಯಾಗಿರುತ್ತದೆ.

ಮರದ ಅಚ್ಚಿಗೆ ಅಕ್ಕಿ ಹಿಟ್ಟು ಉದುರಿಸಿ, ಹೆಚ್ಚಾದದ್ದನ್ನು ತಟ್ಟಿ ತೆಗೆಯುತ್ತಾರೆ. ಅಕ್ಕಿ ಹಿಟ್ಟಿಗೆ ಅಂಟಿಲ್ಲ, ಮೈದಾದಂತೆ ತೇವ ಹೀರಿ ಗೆರೆಗಳಲ್ಲಿ ಮೆತ್ತಿಕೊಳ್ಳುವುದಿಲ್ಲ. ತಣ್ಣನೆಯ ಹಿಟ್ಟಿನ ತುಂಡನ್ನು ಚಿತ್ರದ ತಗ್ಗುಗಳಿಗೆಲ್ಲ ತಲುಪುವಂತೆ ಹೆಬ್ಬೆರಳಿನಿಂದ ಒತ್ತಿ, ಮೇಲೆ ಉಳಿದದ್ದನ್ನು ಹಲಗೆಯ ಮಟ್ಟಕ್ಕೆ ಚಾಕುವಿನಿಂದ ಕೊಯ್ಯಬೇಕು. ಆಮೇಲೆ ಹಲಗೆಯನ್ನು ಬೋರಲು ಹಾಕಿ ಅಂಚನ್ನು ಮೇಜಿಗೆ ಕುಟ್ಟಿದರೆ ಹಿಟ್ಟು ಕಳಚಿ ಬೀಳುತ್ತದೆ. ಹೊಸ ಹಲಗೆ ಮೊದಮೊದಲು ಸತಾಯಿಸುವುದು ಸಹಜ. ಎಣ್ಣೆ ಸವರಿ ಒಣಗಿಸಿ, ಬಳಸುತ್ತ ಹೋದಂತೆ ಪಳಗುತ್ತದೆ. ಅದನ್ನು ನೀರಿನಲ್ಲಿ ನೆನೆಹಾಕಿ ತೊಳೆಯಬಾರದು, ಒಣ ಬ್ರಷ್ಷಿನಿಂದ ತಿಕ್ಕಿದರೆ ಸಾಕು. ಅಚ್ಚಿಲ್ಲದವರು ಹಿಟ್ಟನ್ನು ನಾಲ್ಕು ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ ಬೇಕಾದ ಆಕಾರಕ್ಕೆ ಕತ್ತರಿಸಬಹುದು. ಸುಡುವ ಮುನ್ನ ಆಕೃತಿಗಳನ್ನು ತಟ್ಟೆಯ ಸಮೇತ ಇನ್ನೊಮ್ಮೆ ಅರ್ಧ ಗಂಟೆ ಫ್ರಿಜ್ಜಿಗಿಟ್ಟರೆ ಗೆರೆಗಳು ಚೂಪಾಗಿ ಉಳಿಯುತ್ತವೆ.

ಓವನ್ 170 ಡಿಗ್ರಿ ಸೆಲ್ಸಿಯಸ್‌ಗೆ ಕಾದಿರಬೇಕು. ತೆಳು ಬಿಸ್ಕತ್ತಿಗೆ 15ರಿಂದ 18 ನಿಮಿಷ. ಹಿಟ್ಟೇ ಕಂದು ಬಣ್ಣದ್ದಾದ್ದರಿಂದ ಬಣ್ಣ ನೋಡಿ ಬೆಂದದ್ದನ್ನು ಅಳೆಯುವುದು ಕಷ್ಟ. ಅಂಚು ಗಟ್ಟಿಯಾಗಿ ನಡುವೆ ಇನ್ನೂ ಸ್ವಲ್ಪ ಮೆತ್ತಗಿರುವಾಗ ತೆಗೆಯಬೇಕು. ಗರಿಗರಿಯಾಗುವುದು ಆರಿದ ಮೇಲೆ. ಕರಗಿದ ಸಕ್ಕರೆ ತಣ್ಣಗಾಗಿ ಗಟ್ಟಿಕಟ್ಟಿದಾಗಲೇ ಬಿಸ್ಕತ್ತಿಗೆ ಚಟಕ್ಕನೆ ಮುರಿಯುವ ಗುಣ ಬರುವುದು. ಒಲೆಯಲ್ಲೇ ಗರಿಯಾಗಲಿ ಎಂದು ಕಾದರೆ ಸಕ್ಕರೆ ಸೀದು ಕಹಿಯಾಗುತ್ತದೆ.

ಇದೇ ಹಿಟ್ಟಿಗೆ ಹಲವು ರೂಪಗಳಿವೆ. ಒಂದು ಬೆರಳಷ್ಟು ದಪ್ಪಕ್ಕೆ ತಟ್ಟಿ ಸುಟ್ಟು ಕೈಯಲ್ಲಿ ಮುರಿದು ಹಂಚುವ ತುಂಡು ಸ್ಪೆಕ್ಯುಲಾಸ್ ಮನೆಗಳಲ್ಲಿ ಹೆಚ್ಚು. ಎರಡು ಪದರಗಳ ನಡುವೆ ಬಾದಾಮಿ, ಸಕ್ಕರೆ, ಮೊಟ್ಟೆ ಅರೆದ ಹೂರಣ ತುಂಬಿ ಸುಟ್ಟು, ಚೌಕವಾಗಿ ಕತ್ತರಿಸಿದ್ದು ಎಲ್ಲಕ್ಕಿಂತ ಶ್ರೀಮಂತ ರೂಪ. ಅಡಿಕೆಯಷ್ಟು ಚಿಕ್ಕ ಗುಂಡುಗಳಾಗಿ ಸುಟ್ಟದ್ದು ಕ್ರೌಟ್‌ನೋಟನ್. ಹಬ್ಬದ ಮೆರವಣಿಗೆಯಲ್ಲಿ ಮಕ್ಕಳತ್ತ ಹಿಡಿಹಿಡಿಯಾಗಿ ತೂರುವುದು ಇದನ್ನೇ. ಬೆಲ್ಜಿಯಂನ ಹಾಸೆಲ್ಟ್ ಪಟ್ಟಣದ್ದು ದಪ್ಪನೆಯ, ಒಳಗೆ ಮೆತ್ತಗಿರುವ ಬಗೆ.

ಬೆಲ್ಜಿಯಂನ ಸ್ಪೆಕ್ಯುಲೋಸ್‌ನಲ್ಲಿ ಮಸಾಲೆ ಕಡಿಮೆ, ಸುಟ್ಟ ಸಕ್ಕರೆಯ ರುಚಿ ಮುಂದೆ. ಬ್ರಸೆಲ್ಸ್‌ನಲ್ಲಿ 1829ರಿಂದ ನಡೆಯುತ್ತಿರುವ ಮೇಜೋನ್ ದಾಂದ್ವಾ ಬೇಕರಿ ಇದಕ್ಕೆ ಹೆಸರಾದದ್ದು. ಲೆಂಬೆಕೆ ಎಂಬ ಊರಿನಲ್ಲಿ 1932ರಲ್ಲಿ ಆರಂಭವಾದ ಲೋಟಸ್ ಬೇಕರಿ ಅದೇ ಜಾತಿಯ ತೆಳು ಬಿಸ್ಕತ್ತನ್ನು ಕಾಫಿಯ ಜೊತೆಗಾರನನ್ನಾಗಿ ಮಾಡಿ, ಬಿಸ್ಕಾಫ್ ಎಂಬ ಹೆಸರಿನಲ್ಲಿ ಜಗತ್ತಿಗೆಲ್ಲ ಹಂಚಿತು. ಬೆಂಗಳೂರಿನ ಅಂಗಡಿಗಳಲ್ಲಿ ಸಿಗುವುದೂ ಅದೇ. ಅದನ್ನು ಮಾತ್ರ ತಿಂದವರಿಗೆ ಡಚ್ ಸ್ಪೆಕ್ಯುಲಾಸಿನ ಮಸಾಲೆಯ ಘಾಟು ಅಚ್ಚರಿ ತಂದೀತು. ಜರ್ಮನಿಯಲ್ಲಿ ಮಸಾಲೆಯ ಬಗೆಯಲ್ಲದೆ ಬೆಣ್ಣೆಯದು, ಬಾದಾಮಿಯದು ಎಂದೂ ವಿಂಗಡಣೆ ಇದೆ. ಅಲ್ಲಿ ಅದು ಕ್ರಿಸ್‌ಮಸ್‌ವರೆಗೂ ನಡೆಯುವ ತಿನಿಸು. ಅಮೆರಿಕದಲ್ಲಿ ಇದೇ ಬಿಸ್ಕತ್ತು ಗಾಳಿಗಿರಣಿಯ ಆಕಾರದಲ್ಲಿ ಪ್ಯಾಕೆಟ್ಟುಗಳಲ್ಲಿ ಸಿಗುತ್ತದೆ.

ಕ್ರಿಸ್‌ಮಸ್‌ಗೆ ಮಂಗಳೂರಿನ ಕ್ರೈಸ್ತ ಮನೆಗಳು ಕುಸ್ವಾರ್ ಹಂಚುವಾಗ ತಟ್ಟೆಯಲ್ಲಿ ಹೆಚ್ಚು ಇರುವುದು ಎಣ್ಣೆಯಲ್ಲಿ ಕರಿದ ತಿಂಡಿಗಳು. ಅದರ ಪಕ್ಕಕ್ಕೆ ಸ್ಪೆಕ್ಯುಲಾಸ್ ಇಡಬಯಸುವವರಿಗೆ, ಮೊಟ್ಟೆ ತಿನ್ನದ ಮನೆಯವರಿಗೂ, ಇದು ಹೇಳಿ ಮಾಡಿಸಿದ ಬಿಸ್ಕತ್ತು. ಸಣ್ಣಪುಟ್ಟ ಹೊಂದಾಣಿಕೆ ಸಾಕು. ಅಂಗಡಿಯ ಬೆಣ್ಣೆ ಉಪ್ಪಿನದಾದರೆ ಬೇರೆ ಉಪ್ಪು ಬೇಡ. ಮನೆಯಲ್ಲಿ ಕಡೆದ ಬೆಣ್ಣೆಯಲ್ಲಿ ನೀರು ಹೆಚ್ಚಿರುತ್ತದೆ, ಚೆನ್ನಾಗಿ ಹಿಂಡಿ ತೆಗೆದು ಹಾಲನ್ನು ಒಂದು ಚಮಚಕ್ಕೆ ಇಳಿಸಬೇಕು. ತುಪ್ಪ ಹಾಕಿದರೆ ನಾನ್‌ಖಟಾಯಿಯಂತೆ ಹಿಟ್ಟು ಉದುರುದುರಾಗಿ ಅಚ್ಚಿನ ಗೆರೆ ಕೂರುವುದಿಲ್ಲ. ಕಂದು ಸಕ್ಕರೆ ಸಿಗದಿದ್ದರೆ ಅರ್ಧ ಪುಡಿ ಸಕ್ಕರೆ, ಅರ್ಧ ಜರಡಿ ಹಿಡಿದ ಒಣ ಬೆಲ್ಲದ ಪುಡಿ ಸೇರಿಸಬಹುದು. ಕಪ್ಪು ಬಣ್ಣದ ಬೆಲ್ಲವಾದರೆ ರುಚಿ ಮೂಲಕ್ಕೆ ಇನ್ನೂ ಹತ್ತಿರ. ಜೋನಿ ಬೆಲ್ಲ ಬೇಡ, ಅದರ ನೀರಿಗೆ ಹಿಟ್ಟು ಸಡಿಲವಾಗುತ್ತದೆ. ಕರಾವಳಿಯ ಸೆಕೆಯಲ್ಲಿ ಹಿಟ್ಟನ್ನು ಒಂದೊಂದೇ ಮುಷ್ಟಿ ಫ್ರಿಜ್ಜಿನಿಂದ ತೆಗೆದು ಒತ್ತಬೇಕು. ಚಿಕ್ಕ ಓವನ್‌ಗಳಲ್ಲಿ ಮೇಲಿನ ಕಾವಿನ ಸರಳು ತಟ್ಟೆಗೆ ತೀರ ಹತ್ತಿರ. ತಟ್ಟೆಯನ್ನು ಕೆಳಗಿನ ಸಾಲಿನಲ್ಲಿಟ್ಟು, ಅರ್ಧ ಹೊತ್ತಿಗೆ ಒಮ್ಮೆ ತಿರುಗಿಸಿ ಇಡುವುದು ಕ್ಷೇಮ.

ಪೂರ್ತಿ ಆರಿದ ಬಿಸ್ಕತ್ತನ್ನು ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟರೆ ಮೂರು ವಾರ ಕೆಡುವುದಿಲ್ಲ. ಎರಡನೆಯ ದಿನಕ್ಕೆ ಪರಿಮಳ ಇನ್ನಷ್ಟು ಕೂಡಿಬರುತ್ತದೆ. ಗಾಳಿಯ ತೇವಕ್ಕೆ ಮೆತ್ತಗಾದರೆ 150 ಡಿಗ್ರಿಯಲ್ಲಿ ಐದು ನಿಮಿಷ ಮತ್ತೆ ಬಿಸಿ ಮಾಡಿ ಆರಿಸಿದಾಗ ಗರಿಗರಿ ಮರಳುತ್ತದೆ. ಸುಡದ ಹಿಟ್ಟನ್ನು ಫ್ರಿಜ್ಜಿನಲ್ಲಿ ಮೂರು ನಾಲ್ಕು ದಿನ, ಫ್ರೀಜರಿನಲ್ಲಿ ಎರಡು ತಿಂಗಳು ಇಡಬಹುದು.